ಜೂಲಿಯ ಏಕಾದಶಿ

ಗೆಳೆಯರೇ, ಫರೀದಾಬಾದಿನಲ್ಲಿ ನಾನು ಅಡುಗೆ ಮಾಡುವ ರಾಯರ ಮನೆಯಲ್ಲಿ ಏಕಾದಶಿಯ ದಿನ ಯಾರಿಗೂ ಅನ್ನವಿಲ್ಲ, ನಾಯಿ ಜೂಲಿಗೂ ಇಲ್ಲ. ನಿನ್ನೆ ಏಕಾದಶಿ, ಅವಳು ಹಾಲನ್ನೂ ಮುಟ್ಟಲಿಲ್ಲ.

"ನಮಗಿಂತ ಕಟ್ಟುನಿಟ್ಟು ಕಣೋ ಇವಳು!" ಎಂದು ರಾಯರು ಹೆಮ್ಮೆಪಟ್ಟರು.

ಇಂದು ಬೆಳಿಗ್ಗೆ ಪಾರಣೆಯ ಮೊಸರನ್ನವನ್ನೂ ಅವಳು ಮೂಸಲಿಲ್ಲ. ಮೈ ಸುಡುತ್ತಿತ್ತು. "ರಾಯರೇ, ಇದು ಭಕ್ತಿಯಲ್ಲ, ಕಾಯಿಲೆ," ಎಂದು ಹೆದರುತ್ತಲೇ ಹೇಳಿದೆ.

ಆಸ್ಪತ್ರೆಗೆ ಒಯ್ದೆವು. ಪ್ರಾಣಿವೈದ್ಯರು ಮುಂಗಾಲಿನಿಂದ ರಕ್ತ ತೆಗೆದು ಪರೀಕ್ಷಿಸಿದರು. ಬಿಳಿ ಕಣಗಳು ವಿಪರೀತ ಏರಿದ್ದವು. ಒಳಗೆಲ್ಲೋ ಉರಿಯೂತವಿದೆ, ಎಲ್ಲಿ ಎಂದು ರಕ್ತ ಹೇಳುವುದಿಲ್ಲ ಎಂದರು. ಸ್ಕ್ಯಾನ್ ಮಾಡಿದರೆ ಗರ್ಭಕೋಶದ ತುಂಬ ಕೀವು! ಈಗಲೇ ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ.

"ಊಟ ಬಿಟ್ಟು ಎಷ್ಟು ದಿನವಾಯಿತು?" ಎಂದು ಹಿಂದಿಯಲ್ಲಿ ಕೇಳಿದರು.

"ಕಲ್ ತೋ ವ್ರತ್ ಥಾ," ಎಂದರು ರಾಯರು, ನಿನ್ನೆ ಉಪವಾಸವಿತ್ತಲ್ಲ ಎಂದು.

"ಕಿಸ್‌ಕಾ?" ಯಾರದು ಎಂದು ವೈದ್ಯರು ಕೇಳಿದರು.

"ಹಮಾರಾ." ನಮ್ಮದು ಎಂದರು ರಾಯರು.

ವೈದ್ಯರು ಅವರನ್ನೊಮ್ಮೆ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ರಾಯರು ಬೆಂಚಿನ ಮೇಲೆ ಕೂತು ಜಪ ಮಾಡುತ್ತಲೇ ಇದ್ದರು. ಆಪರೇಷನ್ ಮುಗಿದು ಸಂಜೆ ಜೂಲಿ ಕಣ್ಣು ಬಿಟ್ಟಳು.

ವಾಪಸು ಬರುವಾಗ ರಾಯರು ಮೆಲ್ಲಗೆ ಹೇಳಿದರು: "ಮುಂದಿನ ಏಕಾದಶಿಗೆ ಅವಳಿಗೊಂದು ಹಿಡಿ ಅನ್ನ ಮಾಡಪ್ಪ. ವಾಸನೆ ಮಾತ್ರ ನನ್ನ ತನಕ ಬರಬಾರದು."

ಬಂದರೆ ಜೂಲಿಗಿಂತ ಮೊದಲು ಅಡುಗೆಮನೆಗೆ ಬರುವವರು ಅವರೇ.