ಜಿಗಿಯುವ ಖಾತೆ ಹಮೀದನದು

ಗಂಡಸರ ಅಂಗಿಗೆ ಕಿಸೆ ಒಂದೇ ಯಾಕೆ, ಅದೂ ಎಡಗಡೆಗೇ ಯಾಕೆ ಎಂಬ ಪ್ರಶ್ನೆಯನ್ನು ನಮ್ಮ ದರ್ಶನಕಾರರು ಯಾರೂ ಎತ್ತಿಕೊಂಡಂತೆ ಕಾಣೆ. ಬಲಗೈಗೆ ಎಟುಕಲಿ ಎಂದು ದರ್ಜಿ ಹೇಳುತ್ತಾನೆ. ಹೃದಯಕ್ಕೆ ಇನ್ನೊಂದು ಪದರ ಇರಲಿ ಎಂದು ಕವಿಗಳು ಹೇಳಿಯಾರು. ನನ್ನಲ್ಲಿ ಈ ಜಿಜ್ಞಾಸೆ ಹುಟ್ಟಿದ್ದು ಜ್ಞಾನದಾಹದಿಂದಲ್ಲ, ಹೆಂಡತಿಯ ಆಕ್ಷೇಪದಿಂದ. ಈಚೆಗೆ ನನ್ನ ಅಂಗಿಗಳೆಲ್ಲ ಎಡಕ್ಕೆ ಜೋಲುತ್ತಿವೆಯೆಂದೂ, ಕಿಸೆಯ ಮೂಲೆಯ ಹೊಲಿಗೆ ಬಿಡುತ್ತಿದೆಯೆಂದೂ, ಕೋರ್ಟಿನಲ್ಲಿ ಮೇಲೊಂದು ಕರಿಕೋಟು ಇರುವುದರಿಂದ ಮಾತ್ರ ಮನೆತನದ ಮಾನ ಉಳಿದಿದೆಯೆಂದೂ ವಿಮಲಳ ದೂರು. "ಅದೆಂತ ಕಲ್ಲು ಹೊತ್ತುಕೊಂಡು ತಿರುಗುದು ಮಾರಾಯ್ರೆ ನೀವು?" ಎಂದು ಅವಳು ಸೂಜಿದಾರ ಹಿಡಿದು ಕೇಳಿದಾಗ, ಸಿವಿಲ್ ದಾವೆಗಳಲ್ಲಿ ಪಳಗಿದ ವಕೀಲನಾದ ನಾನು ವಾಡಿಕೆಯಂತೆ ಉತ್ತರಕ್ಕೆ ವಾಯಿದೆ ಕೇಳಿದೆ.

ಹೊತ್ತಿರುವುದು ಕಲ್ಲಲ್ಲ, ಕೈಯಲ್ಲಿ ಹಿಡಿದು ಆಡುವ ಒಂದು ಪುಟ್ಟ ಆಟದ ಯಂತ್ರ. ನಡುವೆ ಪರದೆ, ಎಡಕ್ಕೆ ದಿಕ್ಕು ತೋರುವ ಗುಂಡಿ, ಬಲಕ್ಕೆ ಜಿಗಿಯುವ, ಹೊಡೆಯುವ ಗುಂಡಿಗಳು. ಎಳೆಯರು ಇಂಥದ್ದರಲ್ಲಿ ಕಣ್ಣು ಕೋರೈಸುವ ಆಟಗಳನ್ನು ಆಡುತ್ತಾರಂತೆ. ಐವತ್ತು ದಾಟಿದ ನಾನು ಮಾತ್ರ ಇದರೊಳಗೆ ಡಾಸ್ ಎಂಬ, ಎಂದೋ ಕಾಲವಾದ ಕಾರ್ಯವ್ಯವಸ್ಥೆಯನ್ನು ಆವಾಹನೆ ಮಾಡಿಕೊಂಡಿದ್ದೇನೆ. ಕರಿಯ ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಸಣ್ಣ ಗೆರೆ, ಅಷ್ಟೆ. ಆ ಗೆರೆಯ ವಿನಯವನ್ನು ಬಲ್ಲವರೇ ಬಲ್ಲರು. ಇಂದಿನ ಫೋನು ನೀವು ಒಂದಕ್ಷರ ಒತ್ತುವಷ್ಟರಲ್ಲಿ ಮೂರು ಪದ ಊಹಿಸಿ ಮುಂದೆ ಚಾಚುತ್ತದೆ. ಆ ಗೆರೆಯಾದರೋ ನಿಮ್ಮ ಅಪ್ಪಣೆ ಪೂರ್ತಿ ಮುಗಿಯುವವರೆಗೆ ಮಿಣುಕುತ್ತ ಕಾಯುತ್ತಿತ್ತು. ಆ ಕಾಲದಲ್ಲಿ ಅದನ್ನು ನಾವು ದಡ್ಡತನವೆಂದು ಭಾವಿಸಿದ್ದೆವು.

ಹೊಸ ಯಂತ್ರದಲ್ಲಿ ಹಳೆಯದನ್ನು ಓಡಿಸುವುದು ಸುಲಭವಲ್ಲ, ಆದರೆ ಕಷ್ಟ ಬರುವುದು ನಾವು ಎಣಿಸಿದ ಕಡೆಯಿಂದಲ್ಲ. ಅಂತರ್ಜಾಲದ ವಿಡಿಯೋಗಳನ್ನು ನೋಡಿ ಮೆಮೊರಿ ಕಾರ್ಡಿಗೆ ಬೇಕಾದ್ದನ್ನೆಲ್ಲ ತುಂಬಿಸಿ, ಹದಿಹರೆಯದಲ್ಲಿ ಆಡಿದ್ದ ಆ ಒಂದು ಆಟವನ್ನು ತೆರೆದೆ. ತಲೆಗೆ ದೀಪ ಕಟ್ಟಿಕೊಂಡು ಗಣಿಯೊಳಗೆ ಓಡುವ ಕುಳ್ಳನೊಬ್ಬನ ಆಟ. ತೆರೆದದ್ದೇ ತಡ, ಕುಳ್ಳ ಬಾಲಕ್ಕೆ ಬೆಂಕಿ ಬಿದ್ದವನಂತೆ ಓಡಿ ಮೊದಲ ಕುಳಿಗೆ ಬಿದ್ದು ಸತ್ತ. ಇನ್ನೊಮ್ಮೆ ಹುಟ್ಟಿಸಿದೆ, ಇನ್ನೊಮ್ಮೆ ಸತ್ತ. ಕಾರಣ ತಿಳಿದಾಗ ನಗು ಬಂತು. ಆಟವನ್ನು ಬರೆದದ್ದು ನಿಧಾನವಾಗಿ ಉಸಿರಾಡುತ್ತಿದ್ದ ಕಂಪ್ಯೂಟರಿಗೆ. ಈ ಹೊಸ ಯಂತ್ರದ ವೇಗ ಅದಕ್ಕೆ ಮೃತ್ಯು. ಅದಕ್ಕೆಂದೇ ಒಳಗೊಂದು ವ್ಯವಸ್ಥೆ ಉಂಟು: ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಯಂತ್ರದ ವೇಗ ಒಂದು ಮೆಟ್ಟಿಲು ಇಳಿಯುತ್ತದೆ, ಮತ್ತೆ ಒತ್ತಿದರೆ ಮತ್ತೊಂದು. ತನಗೆ ಬರುವುದೆಲ್ಲ ಬಾರದೆಂಬಂತೆ ಹೊಸಬ ನಟಿಸಿದರೇನೇ ಹಳಬನ ಜತೆ ಆಡಲಾದೀತು.

ವೇಗ ಇಳಿಸಿದೆ. ಕುಳ್ಳ ನನ್ನ ಕಾಲದ ಓಟ ಓಡಿದ. ಆದರೂ ಕುಳಿಗೆ ಬಿದ್ದ! ಈ ಸಲ ದೋಷ ಯಂತ್ರದ್ದಲ್ಲ. ಕುಳಿಯ ಅಂಚಿಗೆ ಬಂದಾಗ ಜಿಗಿಯುವ ಗುಂಡಿ ಒತ್ತಬೇಕೆಂಬುದೇ ನನ್ನ ಹೆಬ್ಬೆರಳಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಈ ಆಟವನ್ನು ಒಂದು ವರ್ಷವಿಡೀ ಆಡಿದ್ದರೂ ನಾನು ಅದರಲ್ಲಿ ಒಮ್ಮೆಯೂ ಜಿಗಿದವನಲ್ಲ. ಜಿಗಿಯುವ ಖಾತೆ ಹಮೀದನದು.

ಈ ಖಾತೆ ಹಂಚಿಕೆಯ ಕತೆಯನ್ನು ನಿಮಗೆ ಹೇಳಲೇಬೇಕು. ನಾವು ಪಿಯುಸಿ ಮುಗಿಸಿದ ಕಾಲದಲ್ಲಿ ಹಂಪನಕಟ್ಟೆಯ ಹತ್ತಿರ ಒಂದು ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು. ಚಪ್ಪಲಿ ಹೊರಗೆ ಬಿಡಬೇಕು, ಕಾಲು ಒರೆಸಬೇಕು. ಒಳಗೆ ಏಸಿ, ಯಂತ್ರಗಳಿಗೆ ಹೂವಿನ ಚಿತ್ತಾರದ ಹೊದಿಕೆ. ಗರ್ಭಗುಡಿಯ ಮಡಿ ಅಲ್ಲಿತ್ತು, ದಕ್ಷಿಣೆಯೂ ಅದಕ್ಕೆ ತಕ್ಕಂತಿತ್ತು. ಕಲಿಸುತ್ತಿದ್ದ ಲವೀನಾ ಮಿಸ್ಸಿನ ಕಟ್ಟಪ್ಪಣೆ ಒಂದೇ: "ಒಂದು ಕಂಪ್ಯೂಟರಿಗೆ ಇಬ್ಬರು. ಜಗಳ ಮಾಡಿದ್ರೆ ಇಬ್ಬರೂ ಹೊರಗೆ." ನನ್ನ ಪಾಲಿಗೆ ಬಂದವನು ಹಮೀದ. ಜೆಪ್ಪಿನವನು, ಬ್ಯಾರಿಗಳ ವ್ಯಾಪಾರದ ಮನೆಯ ಹುಡುಗ. ನಾನು ಕಾವೂರಿನವನು, ಗದ್ದೆ ಹೋಗಿ ಗತ್ತು ಮಾತ್ರ ಉಳಿದಿದ್ದ ತುಳುವರ ಮನೆಯವನು. ಇಬ್ಬರಿಗೂ ಯಂತ್ರ ತನ್ನ ಕೈಯಲ್ಲೇ ಇರಬೇಕೆಂಬ ಹಟ. ಶನಿವಾರ ಕೊನೆಯ ಅರ್ಧ ಗಂಟೆ ಆಟಕ್ಕೆ ಬಿಡುತ್ತಿದ್ದರು. ಅದು ಒಬ್ಬರೇ ಆಡುವ ಆಟ, ಸರದಿಯ ಮೇಲೆ ಆಡಿದರೆ ಕಾಯುವವನ ಹೊಟ್ಟೆ ಉರಿಯುತ್ತಿತ್ತು, ಜಗಳವಾಡಿದರೆ ಹೊರಗೆ ಹೋಗಬೇಕಿತ್ತು. ಕೊನೆಗೆ ನಾವು ಕೀಲಿಮಣೆಯನ್ನೇ ಪಾಲು ಮಾಡಿಕೊಂಡೆವು. ಬಲಕ್ಕೆ ಕೂತ ನನಗೆ ದಿಕ್ಕಿನ ಕೀಲಿಗಳು, ಎಡಕ್ಕೆ ಕೂತ ಹಮೀದನಿಗೆ ಜಿಗಿಯುವ ಕೀಲಿ. ಕುಳ್ಳನೊಬ್ಬನೇ, ಅವನಿಗೆ ಕಾಲು ನಾನು, ರೆಕ್ಕೆ ಹಮೀದ. ಬ್ಯಾರಿಗಳು ಮಗುವಿಗೆ ಕುಟ್ಟಿ ಎನ್ನುತ್ತಾರೆ. ಹಮೀದ ಅವನಿಗೆ ಆ ಹೆಸರನ್ನೇ ಇಟ್ಟ.

ಪಾಲು ಮಾಡುವುದೆಂದರೆ ಬೇರೆಯಾಗುವುದು ಎಂದು ವಕೀಲನಾದ ಮೇಲೆ ನಾನು ಎಷ್ಟೋ ಕುಟುಂಬಗಳಲ್ಲಿ ನೋಡಿದ್ದೇನೆ. ಆ ಒಂದು ಪಾಲು ಮಾತ್ರ ನಮ್ಮನ್ನು ಕೂಡಿಸಿತು. ಓಡಿ ಬಂದೇ ಜಿಗಿಯಬೇಕು, ನಿಂತು ಜಿಗಿದರೆ ಕುಳಿ ದಾಟದು. ಮೊದಮೊದಲು ಅಂಚು ಬಂದಾಗ ನಾನು "ಹಾರ್!" ಎಂದು ಕೂಗುತ್ತಿದ್ದೆ. ಆಮೇಲೆ ಕೂಗು ಬೇಕಾಗಲಿಲ್ಲ. ನನ್ನ ಉಸಿರು ಹಿಡಿಯುವ ಬಗೆಯಿಂದಲೇ ಅವನಿಗೆ ತಿಳಿಯುತ್ತಿತ್ತು. ದಿಕ್ಕು ನನ್ನದಾದ್ದರಿಂದ ಯಜಮಾನಿಕೆಯೂ ನನ್ನದೇ ಎಂದು ನಾನು ತಿಳಿದಿದ್ದೆ. ಗಂಡಾಂತರವೆಲ್ಲ ಅವನ ಬೆರಳಿನಲ್ಲಿತ್ತು ಎಂಬುದು ಮೊನ್ನೆ ಕುಟ್ಟಿ ಒಂದೇ ಸಮನೆ ಸತ್ತಾಗ ಹೊಳೆಯಿತು.

ಜೀವನದಲ್ಲೂ ಹಾಗೇ ಆಯಿತೆನ್ನಿ. ನಾನು ಇಲ್ಲೇ ಉಳಿದೆ, ಹಮೀದ ಸಮುದ್ರ ಜಿಗಿದು ಮಾವನ ಅಂಗಡಿ ನೋಡಿಕೊಳ್ಳಲು ಗಲ್ಫಿಗೆ ಹೋದ. ರಜೆಯಲ್ಲಿ ಬಂದಾಗ ಅತ್ತರು, ಖರ್ಜೂರ, ಮೂರು ಗಂಟೆ ಹರಟೆ. ಅವನ ಮಾತು ಅಂದರೆ ಮಾತು, ಅಂಗಡಿಗೆ ಬಂದವನು ಬರಿಗೈಯಲ್ಲಿ ಹೋಗದಂಥ ಮಾತು. ಕಳೆದ ವರ್ಷ ಅಲ್ಲೇ ಅವನಿಗೆ ಪಕ್ಷಾಘಾತವಾಯಿತು. ಬಲಗೈ, ಬಲಗಾಲು ಸೋತವು, ನಾಲಿಗೆ ತಡವರಿಸಿತು. ಬಜಪೆ ವಿಮಾನ ನಿಲ್ದಾಣದಿಂದ ಗಾಲಿಕುರ್ಚಿಯಲ್ಲಿ ಹೊರಬಂದವನನ್ನು ಕರೆತರಲು ನಾನೂ ಹೋಗಿದ್ದೆ. ಅವನು ನನ್ನ ಮುಖ ನೋಡಿ ಕಷ್ಟಪಟ್ಟು "ಮ..." ಎಂದ. "ಹೌದು ಮಾರಾಯ, ಮಳೆ ಈ ಸಲ ಜೋರುಂಟು" ಎಂದೆ. ಅವನು ಬಾಯಿ ಮುಚ್ಚಿಕೊಂಡ. ಅವನು ಹೇಳಹೊರಟದ್ದು ಮಳೆಯ ಮಾತೇ ಆಗಿತ್ತೋ ಏನೋ, ಈ ಕ್ಷಣಕ್ಕೂ ನನಗೆ ತಿಳಿಯದು.

ಮನೆಗೆ ಬಂದವರೆಲ್ಲ ಹೀಗೇ ಮಾಡಿದರು, ಪ್ರೀತಿಯಿಂದಲೇ ಮಾಡಿದರು. ಅವನು "ಚಾ" ಎನ್ನುವಷ್ಟರಲ್ಲಿ ಚಾ ಬಂತು, "ಫ್ಯಾ" ಎನ್ನುವಷ್ಟರಲ್ಲಿ ಫ್ಯಾನು ತಿರುಗಿತು. ವಾಕ್ಯದ ಬಾಲ ಹಿಡಿದು ಎಳೆದುಕೊಡುವವರು ಇಷ್ಟು ಜನ ಇರುವಾಗ ಅವನಾದರೂ ಯಾಕೆ ಹೆಣಗಬೇಕು? ಒಂದು ದಿನ ಅವನ ಹೆಂಡತಿ ಜುಬೈದಾ ಗೇಟಿನವರೆಗೆ ಬಂದು, ತಗ್ಗಿದ ದನಿಯಲ್ಲಿ ಹೇಳಿದಳು: "ಅವರು ಮಾತೇ ಬಿಟ್ಟಿದ್ದಾರೆ ಶೇಖರಣ್ಣ. ತಲೆ ಆಡಿಸುದು ಮಾತ್ರ. ಮಾತಾಡದಿದ್ರೆ ಇದ್ದ ಮಾತೂ ಹೋಗ್ತದೆ ಅಂತ ಡಾಕ್ಟ್ರು ಹೇಳಿದ್ದಾರೆ. ನೀವು ಬಂದ್ರೆ ಸ್ವಲ್ಪ ಖುಷಿ ಉಂಟು ಅವರಿಗೆ. ಎಂತಾದ್ರೂ ಮಾಡಿ." ಎಂತ ಮಾಡುವುದು? ನಾನು ಹೋಗಿ ಗಂಟೆಗಟ್ಟಲೆ ಮಾತಾಡುತ್ತಿದ್ದೆ, ಅವನ ಪಾಲಿನದ್ದನ್ನೂ ನಾನೇ. ಕಕ್ಷಿದಾರನ ಬಾಯಿಗೆ ಬಾಯಿಯಾಗುವುದು ನನ್ನ ಕಸುಬು. ಬೇರೆ ಉಪಚಾರ ನನಗೆ ಬರುತ್ತಿರಲಿಲ್ಲ. ಹಮೀದನ ಮಾತು ಹೋಗಿಯೇ ಹೋಗುತ್ತದೆಂದು ಒಳಗೊಳಗೆ ಹೆದರಿದ್ದೆ.

ಆಟದ ಯಂತ್ರವನ್ನು ಜೆಪ್ಪಿಗೆ ಒಯ್ದದ್ದು ಚಿಕಿತ್ಸೆಗೆಂದಲ್ಲ, ನನ್ನ ಸ್ವಾರ್ಥಕ್ಕೆ. ಕುಟ್ಟಿ ಆ ಮೊದಲ ಕುಳಿ ದಾಟಬೇಕಿತ್ತು, ಅದಕ್ಕೆ ಹಮೀದ ಬೇಕಿತ್ತು. ಭಾನುವಾರ ಸಂಜೆ ಅವನ ಮನೆಯ ಮುಂದಿನ ಸಿಟೌಟಿನಲ್ಲಿ ಕೂತು ಯಂತ್ರ ಹಚ್ಚಿದೆ. ಕುಟ್ಟಿಯನ್ನು ಕಂಡದ್ದೇ ಅವನ ಮುಖದ ಎಡಭಾಗ ನಕ್ಕಿತು. ಎಷ್ಟೋ ದಿನಗಳ ಮೇಲೆ ಕಂಡ ನಗು. ಎಡಗೈ ತಾನಾಗಿ ಚಾಚಿ ಯಂತ್ರದ ಎಡ ತುದಿಯನ್ನು ಹಿಡಿಯಿತು. ಆಗ ತಿಳಿಯಿತು ನನ್ನ ಪೆದ್ದುತನ. ಕೀಲಿಮಣೆಯಲ್ಲಿ ದಿಕ್ಕು ಬಲಕ್ಕೆ, ಜಿಗಿತ ಎಡಕ್ಕೆ. ಇಲ್ಲಿ ಎಲ್ಲ ತಿರುಗುಮುರುಗು. ಅವನಿಗೆ ಉಳಿದದ್ದು ಎಡಗೈ ಒಂದೇ, ಎಡಕ್ಕಿರುವುದು ದಿಕ್ಕು. ಗುಂಡಿಗಳ ಕೆಲಸ ಅದಲುಬದಲು ಮಾಡುವ ಉಪಾಯ ಯಂತ್ರದಲ್ಲಿ ಇರುತ್ತದೆ; "ತಾಳು, ನಿನ್ನದು ನಿನಗೆ ಕೊಡ್ತೇನೆ" ಎಂದು ನಾನು ಅದನ್ನು ಹುಡುಕತೊಡಗಿದೆ. ಹಮೀದ ಎಡ ತುದಿಯನ್ನು ಬಿಗಿಯಾಗಿ ಎಳೆದುಕೊಂಡು ತಲೆ ಅಡ್ಡ ಆಡಿಸಿದ. ಅಂದು ವರ್ಷವಿಡೀ ನಾನು ಓಡಿಸಿದಲ್ಲಿ ಜಿಗಿದವನಿಗೆ ಈಗ ದಾರಿ ತನ್ನದಾಗಬೇಕಿತ್ತು.

ಆಗಲಿ ಎಂದೆ. ಯಂತ್ರದ ಒಂದು ಕಿವಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಒಳಗಿನಿಂದ ಚಾ ತಂದ ಜುಬೈದಾ ಬಾಗಿಲಲ್ಲೇ ನಿಂತಳು. ಅವನು ಕುಟ್ಟಿಯನ್ನು ಓಡಿಸಿದ, ನಾನು ಜಿಗಿಸಿದೆ, ಕುಟ್ಟಿ ಕುಳಿಯ ನಡುವೆ ಬಿದ್ದ. ಮತ್ತೆ ಹಾಗೇ, ಮತ್ತೂ ಹಾಗೇ. ಅಂಚು ಇನ್ನೂ ದೂರ ಇರುವಾಗಲೇ ನನ್ನ ಹೆಬ್ಬೆರಳು ಒತ್ತಿಬಿಡುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಾನು ಎದುರು ಪಕ್ಷದವರಿಗೆ ಎಷ್ಟೋ ಸಲ ಹೇಳಿದ್ದೆ. ನಾಲ್ಕನೆಯದೋ ಐದನೆಯದೋ ಸಾವಿಗೆ ಹಮೀದನ ಕಣ್ಣು ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು.

"ನಾ... ನು..." ಎಂದ.

"ನೀನೇ ಹಾರಿಸ್ತೀಯಾ?" ಎಂದೆ, ರೂಢಿಯಂತೆ.

ಅವನು ಎಡಗೈಯಿಂದ ನನ್ನ ಮೊಣಕಾಲಿಗೆ ಒಂದು ಬಿಟ್ಟ. "ನಾನು... ಹೇ... ಳಿದ... ಮೇಲೆ!"

ಕುಳಿಗೆ ಬೀಳುತ್ತಿದ್ದವನು ಕುಟ್ಟಿ ಒಬ್ಬನೇ ಅಲ್ಲವೆಂದು ನನಗೆ ನಾಚಿಕೆಯಾಗುವಷ್ಟು ಸ್ಪಷ್ಟವಾಯಿತು. ಅವನ ಪ್ರತಿ ಮಾತಿನ ಅಂಚು ದೂರವಿರುವಾಗಲೇ ನಾವೆಲ್ಲ ಹಾರಿ, ಆ ಮಾತನ್ನು ನಡುದಾರಿಯಲ್ಲೇ ಕೆಡವುತ್ತಿದ್ದೆವು. ನಾನು ಆ ಎರಡು ಗುಂಡಿ ಒತ್ತಿ ವೇಗ ಇಳಿಸಿದೆ. ಕುಟ್ಟಿ ಅಂಚಿಗೆ ಬಂದಾಗ ಹಮೀದ "ಹಾ" ಎಂದಿದ್ದ, "ರು" ಬರುವಷ್ಟರಲ್ಲಿ ಕುಟ್ಟಿ ಬಿದ್ದ. ಇನ್ನೂ ಇಳಿಸಿದೆ. ಇನ್ನೂ. ಕೊನೆಗೆ ಕುಟ್ಟಿ ದಿಬ್ಬಣದ ಮುಂದೆ ನಡೆವ ಮದುಮಗನಂತೆ ಗತ್ತಿನಿಂದ ಒಂದೊಂದೇ ಹೆಜ್ಜೆ ಎತ್ತಿಡತೊಡಗಿದ. ಹೆಬ್ಬೆರಳು ಚಡಪಡಿಸುತ್ತಿತ್ತು, ಹಲ್ಲುಕಚ್ಚಿ ತಡೆದೆ. ಆ ಹಳೆಯ ಕರಿ ಪರದೆಯ ಮಿಣುಕು ಗೆರೆಗೆ ಎಷ್ಟು ತಾಳ್ಮೆ ಬೇಕಾಗಿತ್ತೆಂದು ಆಗ ಗೊತ್ತಾಯಿತು.

"ಹಾ..." ಎಂದ ಹಮೀದ. ಕುಟ್ಟಿ ನಡೆದ. "...ರು!"

ಒತ್ತಿದೆ. ಕುಟ್ಟಿ ಗಾಳಿಯಲ್ಲಿ ತೇಲಿದ, ತೇಲುತ್ತಲೇ ಇದ್ದ, ಆಚೆ ದಡದಲ್ಲಿ ಕಾಲೂರಿದ. ಐವತ್ತು ದಾಟಿದ ಇಬ್ಬರು ಗಂಡಸರು ಅಂದು ಜೆಪ್ಪಿನಲ್ಲಿ ಕೂಗಿಕೊಂಡ ಪರಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು. ಜುಬೈದಾ ತಣಿದ ಚಾ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನೂ ಅತ್ತೆ, ಹೇಳಿಕೊಳ್ಳಲು ಎಂತದ್ದು ಸಂಕೋಚ.

ಪವಾಡವೇನೂ ನಡೆದಿಲ್ಲ. ಬಲಗೈ ಇನ್ನೂ ಮಡಿಲಲ್ಲೇ ಇದೆ. ಆದರೆ ಆ ಸಂಜೆಯ ಆಟದಲ್ಲಿ ಹಮೀದ ಆಡಿದಷ್ಟು ಮಾತನ್ನು ಅದಕ್ಕೂ ಹಿಂದಿನ ತಿಂಗಳಲ್ಲಿ ಆಡಿರಲಿಲ್ಲವೆಂದು ಜುಬೈದಾ ಹೇಳುತ್ತಾಳೆ. ಅದರಲ್ಲಿ ಅರ್ಧ ನನ್ನನ್ನು ಬೈದದ್ದು ಎಂಬುದನ್ನೂ ಸೇರಿಸುತ್ತಾಳೆ.

ಕತ್ತಲಾಗುವ ಮೊದಲು ನಾನು ಎದ್ದೆ. ಯಂತ್ರ ಅವನ ಎಡಗೈಯಲ್ಲೇ ಇತ್ತು. "ಇದು... ಇಲ್ಲಿ..." ಎಂದ. ಇಲ್ಲೇ ಇರಲಿ ಎನ್ನುತ್ತಾನೆ, ಕೊಟ್ಟುಬಿಡೋಣ, ನನಗೆ ಇನ್ನೊಂದು ಸಿಕ್ಕೀತು ಎಂದು ಮನಸ್ಸು ಆಗಲೇ ಅರ್ಧ ಹಾರಿತ್ತು. ನಾಲಿಗೆಯನ್ನು ಮಾತ್ರ ಹಿಡಿದುಕೊಂಡೆ. ಅವನು ಉಸಿರೆಳೆದುಕೊಂಡು, ಪದ ಹುಡುಕಿ, ಯಂತ್ರವನ್ನು ನನ್ನ ಅಂಗಿಯ ಕಿಸೆಯೊಳಗೆ ತಾನೇ ತುರುಕಿದ.

"...ಬೇಡ. ಒಬ್ಬನೇ... ಎಂತ ಮಾಡುದು? ನಾಳೆ... ನೀನೇ... ತಕೊಂಡು... ಬಾ."

ವಿಮಲಾ ಈಗ ನನ್ನ ಅಂಗಿಗಳ ಕಿಸೆಗೆ ಒಳಗಿನಿಂದ ಇನ್ನೊಂದು ಬಟ್ಟೆ ಕೊಟ್ಟು ಗಟ್ಟಿಯಾಗಿ ಹೊಲಿದಿದ್ದಾಳೆ. ಅಂಗಿ ಈಗಲೂ ಎಡಕ್ಕೆ ಜೋಲುತ್ತದೆ. ಹಾಗೆ ಜೋಲುವ ಅಂಗಿಯಲ್ಲೇ ನಾನು ದಿನಾ ಸಂಜೆ ಕೋರ್ಟಿನಿಂದ ನೇರ ಜೆಪ್ಪಿಗೆ ಹೋಗುತ್ತೇನೆ.