ಕೈ ಸಡಿಲಿಸದೆ ಮಧುಗಿರಿಯವರೆಗೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚನ್ನರಾಯನದುರ್ಗದ ಕಡೆಯ ಹಳ್ಳಿಗಳಿಗೆ ಹೆರಿಗೆ ನರ್ಸಾಗಿ ಬಂದೆ. ಬಂದ ಹೊಸತರಲ್ಲೇ ಒಬ್ಬ ಬಾಣಂತಿ ರಕ್ತ ಹೋಗಿ ನನ್ನ ಕಣ್ಣೆದುರೇ ತೀರಿಕೊಂಡಳು. ಜೊತೆಗಿದ್ದ ಹಿರಿಯ ನರ್ಸು ಅವಳ ಗರ್ಭಕೋಶ ಒತ್ತಿ ಹಿಡಿದು ಹೆಣಗುತ್ತಿದ್ದರೆ, ನಾನು ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿ ಕುಸಿದಿದ್ದೆ.

ಅವರು ಬೈಯಲಿಲ್ಲ. ಕೈಗೆ ಬಲ ಬರಲಿ ಎಂದು ಮಾರನೆ ದಿನದಿಂದ ಬಾವಿಯ ನೀರೆಲ್ಲ ನಾನೇ ಸೇದಬೇಕೆಂದರು. ನಮ್ಮ ಆಸ್ಪತ್ರೆಯ ಒದ್ದೆ ಬೆಡ್‌ಶೀಟುಗಳನ್ನೂ ಒಬ್ಬಳೇ ಹಿಂಡಬೇಕಿತ್ತು. ಅಂಗೈಯಲ್ಲಿ ಬೊಬ್ಬೆಗಳು ಎದ್ದು ಒಡೆದವು. ಎಂಥ ಕಷ್ಟದ ಹೆರಿಗೆಯಾದರೂ ನನ್ನನ್ನೇ ಮುಂದೆ ನಿಲ್ಲಿಸುತ್ತಿದ್ದರು.

"ಮುಖ ನೋಡ್ಬೇಡ ಕಣಮ್ಮ, ನಿನ್ ಕೈ ನೋಡು. ಉಸಿರು ನಿಧಾನಕ್ಕೆ ಬಿಡು. ಹೆದರಿಕೆ ಆಗೇ ಆಗ್ತದೆ, ಆಗ್ಲಿ."

ಆಮೇಲೆ ಅವರಿಗೆ ಶಿರಾಕ್ಕೆ ವರ್ಗವಾಯಿತು. ನಾನೊಬ್ಬಳೇ ಉಳಿದೆ.

ಒಂದು ಬೇಸಿಗೆಯ ಮಧ್ಯಾಹ್ನ ಕುರಿ ಸಾಕುವವರ ಮನೆಯಿಂದ ಕರೆ ಬಂತು. ನಾನು ಹೋಗುವಷ್ಟರಲ್ಲಿ ಮಗು ಹುಟ್ಟಿ ಸತ್ತಿತ್ತು. ತಾಯಿಗೆ ಎಚ್ಚರ ತಪ್ಪುತ್ತಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಇಂಜೆಕ್ಷನ್ ಕೊಟ್ಟರೂ ಕಡಿಮೆಯಾಗಲಿಲ್ಲ. ಒಂದು ಕೈಯನ್ನು ಒಳಗೆ ಮುಷ್ಟಿ ಮಾಡಿ, ಇನ್ನೊಂದರಿಂದ ಹೊಟ್ಟೆಯ ಮೇಲಿಂದ ಒತ್ತಿ ಹಿಡಿದೆ. ಹಿಡಿದರೆ ನಿಲ್ಲುತ್ತಿತ್ತು, ಸಡಿಲಿಸಿದರೆ ಹರಿಯುತ್ತಿತ್ತು. ಮನೆಯವರು ಹಾಗೇ ನಮ್ಮಿಬ್ಬರನ್ನೂ ಕಂಬಳಿಯ ಸಮೇತ ಕಲ್ಲು ಸಾಗಿಸುವ ಟ್ರ್ಯಾಕ್ಟರಿಗೆ ಹತ್ತಿಸಿದರು. ಮಧುಗಿರಿಯ ಆಸ್ಪತ್ರೆಗೆ ಹೊರಟೆವು.

ಗಾಲಿ ಗುಂಡಿಗೆ ಬಿದ್ದಾಗಲೆಲ್ಲ ನನ್ನ ಮಂಡಿ ಕಬ್ಬಿಣಕ್ಕೆ ಬಡಿಯುತ್ತಿತ್ತು. ಭುಜ ಉರಿಯಿತು, ಆಮೇಲೆ ಮರಗಟ್ಟಿತು, ಕೊನೆಗೆ ಕೈ ನನ್ನದೇ ಅಲ್ಲ ಅನ್ನಿಸತೊಡಗಿತು. ಅವಳ ಅತ್ತೆ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಉಳೀತಾಳಾ ನರ್ಸಮ್ಮ?"

"ಮಾತಾಡಿಸ್ತಾ ಇರಿ. ಕಣ್ಣು ಮುಚ್ಚೋಕೆ ಬಿಡಬೇಡಿ."

ಮುದುಕಿ ಸೊಸೆಯ ಕೆನ್ನೆ ತಟ್ಟುತ್ತಾ, "ಕಣ್ ಬುಡವ್ವ, ಕುರಿ ಯಾರು ನೋಡ್ಕಂತಾರೆ, ಕಣ್ ಬುಡು," ಎನ್ನುತ್ತಲೇ ಇದ್ದಳು. ನಾನು ತಲೆ ಎತ್ತಲಿಲ್ಲ. ಕೈ ನೋಡಿದೆ, ಉಸಿರು ಬಿಟ್ಟೆ. ಹೆದರಿಕೆ ಎಲ್ಲೂ ಹೋಗಿರಲಿಲ್ಲ, ಎದೆಯಲ್ಲೇ ಕೂತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು "ಇನ್ನು ಬಿಡಿ, ಸಿಸ್ಟರ್" ಎಂದರೂ ನನ್ನ ಬೆರಳು ಬಿಚ್ಚಲಿಲ್ಲ. ಆಯಾ ಒಬ್ಬಳು ಹಿಡಿದು ಬಿಡಿಸಿದಳು. ಒಳಗೆ ಉಳಿದಿದ್ದ ಮಾಸಿನ ಚೂರು ತೆಗೆದ ಮೇಲೆ ರಕ್ತ ನಿಂತಿತು. ಅವಳು ಉಳಿದಳು.

ಮಾರನೆ ಬೆಳಿಗ್ಗೆ ಎಚ್ಚರವಾಗಿ, "ಕೂಸೆಲ್ಲಿ?" ಎಂದಳು. ಮುದುಕಿ ನನ್ನ ಮುಖ ನೋಡಿದಳು. ನಾನು ಮಂಚದ ಪಕ್ಕ ಕೂತು ಇದ್ದದ್ದನ್ನು ಹೇಳಿದೆ.

"ಗಂಡಾ, ಹೆಣ್ಣಾ?" ಎಂದು ಕೇಳಿದಳು.

"ಹೆಣ್ಣು."

ಸೆರಗು ಎಳೆದು ಮುಖ ಮುಚ್ಚಿಕೊಂಡಳು.

ವಾಪಸ್ ಬರುವ ಬಸ್ಸಿನಲ್ಲಿ ಕಂಬಿ ಹಿಡಿಯಲು ನನ್ನ ಕೈ ಮೇಲೇಳಲಿಲ್ಲ. ಯಾರೋ ಹೆಂಗಸು ಸರಿದು ಜಾಗ ಕೊಟ್ಟಳು. ಕೂತ ಮೇಲೆ ಅಳು ಬಂತು. ಕೊರಟಗೆರೆಯವರೆಗೂ ಅದು ನಿಲ್ಲಲಿಲ್ಲ.