ಅತ್ತೆಗೆ ಗುರುತು ಸಿಗದ ದನಿ

"ತಾಯಂದಿರೇ, ಎಲ್ಲರೂ ಚೆನ್ನಾಗಿದ್ದೀರಾ?" ಎಂದು ನಮ್ಮ ಶಾಸಕರು ಜೋರಾಗಿ ಕೇಳಿದಾಗ ಎದುರಿಗೆ ಇದ್ದದ್ದು ಕಣ್ಣು ಕಾಣದ ನಮ್ಮ ಅತ್ತೆ ಒಬ್ಬರೇ.

ಶಾಸಕರಾಗುವ ಮೊದಲು ಅವರು ನಮ್ಮ ಕಡೆಯ ರೇಡಿಯೋದಲ್ಲಿ ದಿನಾ ಬೆಳಗ್ಗೆ ಮಾತಾಡುತ್ತಿದ್ದರು. "ಅವ್ವಾ, ತಿಂಡಿ ಆಯ್ತಾ?" ಎಂದು ಮೆಲ್ಲಗೆ ಶುರು ಮಾಡುತ್ತಿದ್ದರು. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮುಂದೆ ಕೂತು ಕೈಯಂದಾಜಿನಲ್ಲೇ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಅತ್ತೆ, "ಆಯ್ತು ಕಣಪ್ಪ, ನಿಂದು?" ಎಂದು ರೇಡಿಯೋಗೇ ಉತ್ತರ ಕೊಡುತ್ತಿದ್ದರು. ಅದಕ್ಕೇ, ನಮ್ಮ ಗಾವಡಗೆರೆಗೆ ಗುದ್ದಲಿ ಪೂಜೆಗೆ ಬಂದಿದ್ದವರನ್ನು ಕಾಡಿ ಬೇಡಿ ಮನೆಗೆ ಕರೆತಂದಿದ್ದೆ.

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು ಕೈ ಮುಗಿದರು.

"ಅತ್ತೆ, ಇವರೇ ನಿಮ್ಮ ರೇಡಿಯೋ ಮಗ" ಅಂದೆ.

"ಸುಮ್ನಿರವ್ವ. ಇವ್ರು ಯಾರೋ ದೊಡ್ಡೋರು. ಅವ್ನು ಇಂಗೆ ಕೂಗಲ್ಲ."

ಶಾಸಕರು ನಗಲು ನೋಡಿದರು, ಆಗಲಿಲ್ಲ. ಅತ್ತೆಯ ಹತ್ತಿರ ಬಗ್ಗಿ, "ಅವ್ವಾ, ತಿಂಡಿ ಆಯ್ತಾ?" ಅಂದರು. ಭಾಷಣ ಮಾಡಿ ಮಾಡಿ ಒಡೆದುಹೋಗಿದ್ದ ಗಂಟಲಿನಿಂದ ಆ ಹಳೆಯ ದನಿ ಹೊರಡಲಿಲ್ಲ.

"ಆಯ್ತು ಸ್ವಾಮಿ" ಅಂದರು ಅತ್ತೆ.

ಆ ಮಗನನ್ನು ಯಾವತ್ತು ಕರೆದುಕೊಂಡು ಬರುತ್ತೀಯ ಎಂದು ಅತ್ತೆ ಈಗಲೂ ಕೇಳುತ್ತಾರೆ. ಬಂದು ಹೋದವರು ಅವರೇ ಎಂದು ಇನ್ನೊಮ್ಮೆ ಹೇಳಲು ನನಗೆ ಬಾಯಿ ಬರುವುದಿಲ್ಲ.